ಕಡಲತಡಿಯ ತೋಟವೂ ಮನೆಯ ಬಾವಿಯೂ

ಸಂಸ್ಕೃತದಲ್ಲಿ ‘ವೇಲಾ’ ಎಂಬ ಶಬ್ದಕ್ಕೆ ಮುಖ್ಯವಾಗಿ ಮೂರು ಅರ್ಥಗಳುಂಟು. ಕಡಲಿನ ದಂಡೆ ಎಂಬದೊಂದು. ಅದರ ನೀರಿನ ಏರಿಳಿತ ಎಂಬದು ಎರಡನೆಯದು. ಹೊತ್ತು ಎಂಬದು ಮೂರನೆಯದು. ಕನ್ನಡದ ನಮ್ಮ ‘ವೇಳೆ’ಯು ಈ ಮೂರನೆಯದನ್ನು ಮಾತ್ರ ಉಳಿಸಿಕೊಂಡಿದೆ. ಆದರೆ ದಂಡೆಯನ್ನೂ ಕಾಲವನ್ನೂ ಒಂದೇ ಶಬ್ದದಲ್ಲಿ ಕೂಡಿಸಿಟ್ಟ ಹಿರಿಯರು ಕಡಲತಡಿಯ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ. ಹೊಲಕ್ಕೆ ಬದುವಿರುವಂತೆ ಕಡಲಿಗೆ ಕದಲದ ಬದುವೆಂಬದಿಲ್ಲ. ಅದರ ಮೇರೆಯು ದಿನಕ್ಕೆರಡು ಸಲ ಹಿಂದೆ ಮುಂದೆ ಸರಿಯುವದು. ಮಳೆಗಾಲದಲ್ಲಿ ಇನ್ನೂ ಒಳಕ್ಕೆ ಬಂದು, ಬೇಸಗೆಗೆ ಹಿಂದಿರುಗುವದು.

ಇನ್ನೊಂದು ಶಬ್ದವು ‘ಆರಾಮ’. ಇದನ್ನು ಈಗ ನಾವು ಕಾಲು ಚಾಚಿ ಕುಳಿತುಕೊಳ್ಳುವದಕ್ಕೆ ಉಪಯೋಗಿಸುವೆವು. ಅಮರಕೋಶದಲ್ಲಿ ಅದಕ್ಕೆ ಮನುಷ್ಯರು ನೆಟ್ಟು ಬೆಳೆಯಿಸಿದ ವನವೆಂದು ಅರ್ಥ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದದ ಅಧ್ಯಾಯವನ್ನು ಜಲಾಶಯಗಳ ಅಂಚಿನಲ್ಲಿ ತೋಟ ಮಾಡುವ ವಿಷಯದಿಂದಲೇ ತೊಡಗಿರುವನು. ಆದುದರಿಂದ ನೀರಿನಂಚಿನ ತೋಟವು ನಿನ್ನೆ ಮೊನ್ನೆ ಪಡುವಣ ದೇಶಗಳಿಂದ ಬಂದ ಸೋಗಲ್ಲ. ಅದನ್ನು ಎಲ್ಲಿ, ಯಾವದಕ್ಕಾಗಿ, ಯಾವ ರೀತಿಯಿಂದ ಮಾಡಬೇಕೆಂಬದೇ ಈ ಸಲ ವಾಚಕರ ಮುಂದೆ ಇಡತಕ್ಕ ವಿಚಾರವು.

ಹಾರವಾಡವು ಅಂಕೋಲೆ ತಾಲೂಕಿನ ಊರು. ಕಾರವಾರಕ್ಕೂ ಅಂಕೋಲೆಗೂ ನಡುವೆ, ಅವರ್ಸೆಯ ನೆರೆಯಲ್ಲಿರುವದು. ಮೂಡಲಿಗೆ ಗುಡ್ಡ, ನಡುವೆ ಕೊಂಕಣ ರೈಲು ಮತ್ತು ೬೬ನೆಯ ಹೆದ್ದಾರಿ, ಪಡುವಲಿಗೆ ಅರಬ್ಬೀ ಸಮುದ್ರ. ಇವುಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಮನೆ, ತೆಂಗು, ಗದ್ದೆ, ಬಾವಿ ಎಲ್ಲವೂ ಅಡಕವಾಗಿವೆ. ಅಲ್ಲಿಯ ತರಂಗಮೇಟದ ಮೀನುಗಾರರಿಗೆ ಆಷಾಢವೆಂದರೆ ಕಡಲಕೊರೆತದ ಭಯ. ಇಂಥ ಊರಿನ ದಂಡೆಗೆ ಒಂದು ಉದ್ಯಾನವು ಬೇಕೆಂದು ತರುಣರು ಬಯಸಿದರೆ ಆ ಬಯಕೆಯು ಯೋಗ್ಯವಾದದ್ದೇ. ಮಕ್ಕಳಿಗೆ ಆಟದ ಬಯಲು, ಮುದುಕರಿಗೆ ಸಂಜೆಯ ಗಾಳಿ, ಹೆಂಗಸರಿಗೆ ನಿರ್ಭಯವಾಗಿ ಕುಳಿತು ಮಾತಾಡುವ ಸ್ಥಳ, ಇವು ಪಟ್ಟಣದವರಿಗೆ ಮಾತ್ರ ಸಲ್ಲತಕ್ಕ ಸೌಖ್ಯಗಳಲ್ಲ.

ಆದರೆ ಉದ್ಯಾನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವದು ಯಾವದು? ಸಿಮೆಂಟಿನ ದಾರಿ, ಬಣ್ಣದ ಹಾಸುಗಲ್ಲು, ದಿನವೂ ನೀರುಣಿಸಬೇಕಾದ ಹುಲ್ಲು, ಎತ್ತರದ ದೀಪದ ಕಂಬಗಳು, ಕಡಲಿನ ಕಡೆಗೊಂದು ಗೋಡೆ. ಇದೆಲ್ಲ ಒಳನಾಡಿನ ಪಟ್ಟಣದ ತೋಟದ ಪ್ರತಿಕೃತಿ. ಹೊಯಿಗೆಯ ಮೇಲೆ ಇದನ್ನು ತಂದು ಇಟ್ಟರೆ ಜ್ಯೇಷ್ಠದಿಂದ ಶ್ರಾವಣದ ವರೆಗೆ ಏನಾಗುವದೆಂಬದನ್ನು ಮೊದಲು ನೋಡಬೇಕು.

ಮಳೆಗಾಲದ ತೆರೆಗಳು ಎತ್ತರವಾಗಿ, ಒಂದರ ಬೆನ್ನಿಗೆ ಒಂದು ಬಂದು ಬಡಿಯುವವು. ಅವು ದಂಡೆಯ ಹೊಯಿಗೆಯನ್ನು ಕೊರೆದು ಸ್ವಲ್ಪ ದೂರ ನೀರೊಳಗೆ ಒಯ್ದು ದಿಣ್ಣೆಯಾಗಿ ಹರಡುವವು. ಆ ಮುಳುಗಿದ ದಿಣ್ಣೆಯ ಮೇಲೆ ಮುಂದಿನ ತೆರೆಗಳು ಮುರಿದು ಬಲಗುಂದುವವು. ಆಶ್ವಯುಜದ ತರುವಾಯ ಕಡಲು ತಿಳಿಯಾದಾಗ ಸಣ್ಣ ತೆರೆಗಳು ಅದೇ ಹೊಯಿಗೆಯನ್ನು ತಿರುಗಿ ದಂಡೆಗೆ ತರುವವು. ಒಣಗಿದ ಹೊಯಿಗೆಯನ್ನು ಗಾಳಿಯು ಮೇಲಕ್ಕೊಯ್ದು ದಿಬ್ಬ ಕಟ್ಟುವದು. ಹೀಗೆ ದಂಡೆಯ ಹಿಂದಿನ ದಿಬ್ಬವೆಂಬದು ಒಕ್ಕಲಿಗನ ಕಣಜವಿದ್ದಂತೆ. ಸುಗ್ಗಿಯಲ್ಲಿ ತುಂಬುವದು, ಕಷ್ಟದ ತಿಂಗಳಲ್ಲಿ ಖರ್ಚಾಗುವದು. ಕಣಜವು ಮನೆಯ ಹತ್ತಿರ ಸುಮ್ಮನೆ ಬಿದ್ದಿದೆಯೆಂದು ಅದನ್ನು ಕಿತ್ತುಹಾಕಿ ಆ ಸ್ಥಳದಲ್ಲಿ ಕಲ್ಲಿನ ಬೆಂಚನ್ನು ಇಡುವ ಗೃಹಸ್ಥನುಂಟೆ?

ಗೋಡೆಯ ವಿಷಯವೂ ಇದರಂತೆಯೇ. ಇಳುಕಲಾದ ಹೊಯಿಗೆಯ ಮೇಲೆ ತೆರೆಯು ಏರಿ ಓಡಿ ಸೋಲುವದು. ನೆಟ್ಟಗಿನ ಗೋಡೆಗೆ ಬಡಿದರೆ ತನ್ನ ಬಲದೊಡನೆ ಹಿಂದಕ್ಕೆ ಪುಟಿದು, ಗೋಡೆಯ ಬುಡದ ಹೊಯಿಗೆಯನ್ನೇ ತೋಡುವದು. ಗೋಡೆಯ ಮುಂದಿನ ದಂಡೆಯು ಕ್ರಮೇಣ ಕಿರಿದಾಗುವದು. ಗೋಡೆಯು ಮುಗಿಯುವಲ್ಲಿ, ಆಚೆಯ ನೆರೆಯವನ ಅಂಗಳದಲ್ಲಿ, ಕೊರೆತವು ಹೆಚ್ಚಾಗುವದು. ಈಗಾಗಲೇ ತೆರೆಯು ಮನೆಯ ಹೊಸ್ತಿಲಿಗೆ ಬಂದಿರುವ ಕಡೆಗಳಲ್ಲಿ ಕಲ್ಲು ಹಾಕದೆ ಗತ್ಯಂತರವಿಲ್ಲವೆಂಬದು ನಿಜ. ಅಲ್ಲಿ ಬಳ್ಳಿ ನೆಡಿರೆಂದು ಹೇಳುವದು ಉರಿಯುವ ಮನೆಯವನಿಗೆ ಬಾವಿ ತೋಡೆಂದು ಹೇಳಿದಂತೆ. ಆದರೆ ಕಲ್ಲು ಬೇಕಾದಲ್ಲಿ ಕಲ್ಲು ಇರಲಿ. ದಿಬ್ಬವು ಇನ್ನೂ ಉಳಿದಿರುವಲ್ಲಿ ಶೋಭೆಗೆಂದು ಗೋಡೆ ಕಟ್ಟುವದು ಬೇಡ.

ಗೃಹಿಣಿಯರಿಗೆ ಇದಕ್ಕಿಂತ ಹತ್ತಿರದ ಮಾತೊಂದುಂಟು; ಅದು ಬಾವಿಯ ನೀರಿನದು. ಕಡಲಿಗೆ ಇಷ್ಟು ಸಮೀಪದಲ್ಲಿದ್ದರೂ ದಂಡೆಯ ಊರುಗಳ ಬಾವಿಗಳಲ್ಲಿ ಸಿಹಿನೀರು ಬರುವದು ಹೇಗೆ? ಮಳೆಯ ನೀರು ಹೊಯಿಗೆಯಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರಾದ್ದರಿಂದ ಅದರ ಮೇಲೆ ತೇಲಿ ನಿಲ್ಲುವದು. ಹಾಲೆಂಡದ ಬಾಡೋನ್ ಘಿಬೆನ್ ಮತ್ತು ಜರ್ಮನಿಯ ಹೆರ್ಜ್‌ಬರ್ಗ್ ಎಂಬಿಬ್ಬರು ಹತ್ತೊಂಬತ್ತನೆಯ ಶತಮಾನವು ಮುಗಿದು ಇಪ್ಪತ್ತನೆಯದು ತೊಡಗುವ ಸುಮಾರಿಗೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆಯೇ, ಇದರ ಲೆಕ್ಕವನ್ನು ಕಂಡುಹಿಡಿದರು. ಸಿಹಿನೀರಿನ ತೂಕವನ್ನು ೧೦೦೦ವೆಂದು ಹಿಡಿದರೆ ಕಡಲನೀರಿನದು ಸುಮಾರು ೧೦೨೫. ಆದುದರಿಂದ ಕಡಲಿನ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತರೆ, ಆ ಮಟ್ಟದ ಕೆಳಗೆ ಸುಮಾರು ನಾಲ್ವತ್ತು ಅಡಿಗಳ ವರೆಗೆ ಸಿಹಿನೀರಿರುವದು. ಈ ಲೆಕ್ಕವನ್ನು ತಿರುವಿಹಾಕಿ ನೋಡಿರಿ. ದಿಬ್ಬವನ್ನು ಅಗೆದೋ, ನೆಲಕ್ಕೆ ಹಾಸುಗಲ್ಲು ಮುಚ್ಚಿಯೋ, ಹೆಚ್ಚಾಗಿ ನೀರೆತ್ತಿಯೋ ಮೇಲಿನ ಒಂದಡಿಯನ್ನು ಕಳೆದರೆ, ಕೆಳಗಿನಿಂದ ಉಪ್ಪುನೀರು ನಾಲ್ವತ್ತು ಅಡಿ ಏರಲು ದಾರಿಯಾಗುವದು. ಆಗ ಬಾವಿಯು ಸವುಳಾಗುವದು, ಬೇಳೆ ಬೇಯದು, ತೆಂಗು ಸೊರಗುವದು, ಕೊಡ ಹಿಡಿದುಕೊಂಡು ಹೆದ್ದಾರಿಯಾಚೆ ನಡೆಯಬೇಕಾದವರು ಮನೆಯ ಹೆಂಗಸರೇ. ದಂಡೆಯ ತೋಟದ ನಕ್ಷೆಯನ್ನು ಬರೆಯುವವರು ಕಡಲಿನ ಕಡೆಗೆ ಮಾತ್ರವೇ ಅಲ್ಲ, ಬಾವಿಕಟ್ಟೆಯ ಕಡೆಗೂ ಮುಖಮಾಡಿ ಬರೆಯಬೇಕು.

ಕಾಲವೂ ಮೊದಲಿನಂತಿಲ್ಲ. ಜಗತ್ತಿನ ಹವಾಮಾನದ ವಿಚಾರಕ್ಕಾಗಿ ರಾಷ್ಟ್ರಗಳು ಕೂಡಿ ನೇಮಿಸಿದ ಪಂಡಿತಮಂಡಲವು ೨೦೨೧ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೧೯೦೧ರಿಂದ ೨೦೧೮ರ ವರೆಗೆ ಸಮುದ್ರಮಟ್ಟವು ಸರಾಸರಿಯಲ್ಲಿ ಸುಮಾರು ೨೦ ಸೆಂಟಿಮೀಟರು ಏರಿದೆ. ೨೦೦೬ರ ತರುವಾಯ ಏರುವ ವೇಗವು ವರುಷಕ್ಕೆ ೩.೭ ಮಿಲಿಮೀಟರಿನಷ್ಟಾಗಿತ್ತು. ಒಂದು ಗೇಣಿನಷ್ಟು ಏರಿದ ಮಾತ್ರಕ್ಕೆ ಏನಾಯಿತೆಂದು ಕೇಳುವವರುಂಟು. ಇಳುಕಲಾದ ದಂಡೆಯಲ್ಲಿ ನೀರು ಒಂದು ಗೇಣು ಏರಿದರೆ ಒಳಕ್ಕೆ ಹಲವು ಮಾರು ಬರುವದೆಂಬದನ್ನು ತಟ್ಟೆಯಲ್ಲಿ ನೀರು ಹೊಯ್ದು ನೋಡಿದ ಬಾಲಕನೂ ಬಲ್ಲನು. ಅರಬ್ಬೀ ಸಮುದ್ರವು ಹಿಂದಿಗಿಂತ ಬೆಚ್ಚಗಾಗಿ ಬಿರುಗಾಳಿಗಳಿಗೆ ಬಲವನ್ನು ಕೊಡುತ್ತಿದೆ. ೨೦೧೯ರ ಅಕ್ಟೋಬರದ ಕ್ಯಾರ್ ಮತ್ತು ೨೦೨೧ರ ಮೇ ತಿಂಗಳಿನ ತೌಕ್ತೆ ಎಂಬ ಚಂಡಮಾರುತಗಳನ್ನು ನಮ್ಮ ಕರಾವಳಿಯವರು ಇನ್ನೂ ಮರೆತಿಲ್ಲ.

ಹಾಗಾದರೆ ತೋಟವು ಹೇಗಿರಬೇಕು? ನಮ್ಮ ಎಣಿಕೆಯಲ್ಲಿ ಅದನ್ನು ಕಡಲಿನಿಂದ ಊರಿನ ಕಡೆಗೆ ಮೂರು ಪಟ್ಟಿಗಳಾಗಿ ವಿಂಗಡಿಸತಕ್ಕದ್ದು.

ಮೊದಲನೆಯ ಪಟ್ಟಿಯು ಕಡಲಿನದು. ಇದು ಹೊಯಿಗೆಯ ದಿಬ್ಬವಾಗಿಯೇ ಇರಲಿ. ಇಲ್ಲಿ ನೆಡತಕ್ಕವುಗಳು ಉಪ್ಪುಗಾಳಿಗೆ ಅಂಜದ, ಹೊಯಿಗೆಯನ್ನು ಹಿಡಿದುಕೊಳ್ಳುವ ಗಿಡಗಳು: ಊದಾ ಹೂವಿನ ಅಡಂಬು ಬಳ್ಳಿ, ರಾವಣನ ಮೀಸೆಯೆಂಬ ಮುಳ್ಳುಹುಲ್ಲು, ಅವುಗಳ ಹಿಂದೆ ಕೇದಿಗೆಯ ಮೆಳೆ. ಹೂದೋಟದ ಕಣ್ಣಿನಿಂದ ನೋಡುವವರು ಇವುಗಳನ್ನು ಕಳೆಯೆಂದು ಕಿತ್ತೊಗೆಯುವರು. ಆದರೆ ಗಾಳಿಯಲ್ಲಿ ಹಾರಿಬರುವ ಹೊಯಿಗೆಯನ್ನು ತಡೆದು ದಿಬ್ಬ ಬೆಳೆಯಿಸುವವು ಇವೇ. ಜನರು ನೀರಿಗಿಳಿಯುವದಕ್ಕೆ ಎರಡು ಮೂರು ಕಾಲುದಾರಿಗಳನ್ನು ಓರೆಯಾಗಿ ಬಿಡಬೇಕು. ನೇರವಾಗಿ ಬಿಟ್ಟರೆ ಅದೇ ದಾರಿಯಿಂದ ತೆರೆಯೂ ಗಾಳಿಯೂ ಒಳನುಗ್ಗುವವು. ದೊಡ್ಡ ದೀಪಗಳು ಈ ಪಟ್ಟಿಯಲ್ಲಿ ಬೇಡ. ನಮ್ಮ ಜಿಲ್ಲೆಯ ದಂಡೆಗಳಲ್ಲಿ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಬಂದು ತತ್ತಿ ಇಡುವವು; ಒಡೆದು ಹೊರಬಂದ ಮರಿಗಳು ಕಡಲಿನ ಹೊಳಪನ್ನು ನೋಡಿ ಅತ್ತ ಹರಿಯತಕ್ಕವುಗಳು, ದೀಪವನ್ನು ಕಂಡರೆ ಊರಿನ ಕಡೆಗೆ ತಪ್ಪಿ ಬಂದು ಸಾಯುವವು.

ಇಲ್ಲಿ ಎರಡು ಮರಗಳ ವಿಷಯವನ್ನು ಹೇಳಬೇಕು. ಗಾಳಿಮರವನ್ನು ಕಾರವಾರದ ಕಡೆಗೆ ೧೮೬೮ರ ಸುಮಾರಿಗೆ ತಂದು ನೆಟ್ಟರು. ಅದು ಬೇಗನೆ ಬೆಳೆದು ಗಾಳಿಯನ್ನು ತಡೆಯುವದು, ಸೌದೆಯನ್ನೂ ಕೊಡುವದು. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದರ ಉದುರಿದ ಎಲೆಯ ಹಾಸಿಗೆಯ ಕೆಳಗೆ ಬೇರೆ ಗಿಡಗಳು ಏಳವು. ತೆರೆಯು ಬುಡದ ಹೊಯಿಗೆಯನ್ನು ಸೆಳೆದಾಗ ಸಾಲುಸಾಲಾಗಿ ಉರುಳುವದು. ಆದುದರಿಂದ ಇದ್ದ ಗಾಳಿಮರವನ್ನು ಕಡಿಯುವದು ಬೇಡ. ಅದರ ಮುಂದೆ ಬಳ್ಳಿ ಹುಲ್ಲುಗಳೂ, ಹಿಂದೆ ಸುರಹೊನ್ನೆ ಹೊಂಗೆಗಳೂ ಬರಲಿ. ಇನ್ನು ಕಾಂಡ್ಲಾ ಗಿಡವು ಹೊಳೆಯ ಅಳಿವೆಗೆ, ಕೆಸರಿಗೆ ಒಪ್ಪತಕ್ಕದ್ದು. ಕಾರವಾರದ ಕಾಳೀ ನದಿಯ ಅಂಚಿನಲ್ಲಿ ಅದರ ವೈಭವವನ್ನು ನೋಡಬಹುದು. ತೆರೆ ಬಡಿಯುವ ಬರಿ ಹೊಯಿಗೆಯಲ್ಲಿ ಅದನ್ನು ನೆಟ್ಟು ಫೋಟೋ ತೆಗೆಯಿಸಿಕೊಂಡರೆ ಗಿಡಕ್ಕೂ ಹಣಕ್ಕೂ ಹಾನಿ.

ಎರಡನೆಯ ಪಟ್ಟಿಯು ದುಡಿಮೆಯದು. ದಂಡೆಯು ಹಿಂದಿನಿಂದಲೂ ಖಾರ್ವಿ, ಹರಿಕಂತ್ರ ಮುಂತಾದವರ ಕೆಲಸದ ಅಂಗಳವಾಗಿದೆ. ರಂಪಣಿಯ ಬಲೆಯನ್ನು ದಂಡೆಯಿಂದ ಎಳೆಯುವದಕ್ಕೆ ಹತ್ತಾರು ಜನರು ಸಾಲಾಗಿ ನಿಲ್ಲುವಷ್ಟು ತೆರವಾದ ಹೊಯಿಗೆ ಬೇಕು; ಬಂದ ಬಂಗಡೆ ತಾರ್ಲೆಗಳಲ್ಲಿ ಎಳೆದವರಿಗೆಲ್ಲ ಪಾಲುಂಟು. ಜೂನ್ ಜುಲೈ ತಿಂಗಳುಗಳ ೬೧ ದಿನ ಯಂತ್ರದ ದೋಣಿಗಳಿಗೆ ಮೀನುಗಾರಿಕೆಯು ನಿಷೇಧವಾಗಿರುವಾಗ ಬಲೆ ಸರಿಪಡಿಸುವದಕ್ಕೆ ನೆರಳು ಬೇಕು. ಹೆಂಗಸರಿಗೆ ಮೀನು ಒಣಗಿಸುವದಕ್ಕೆ ಬಿಸಿಲು ಬೀಳುವ ಚೊಕ್ಕಟ ನೆಲ ಬೇಕು. ಉದ್ಯಾನವಾದ ಮರುದಿನವೇ ‘ಇಲ್ಲಿ ಮೀನು ಒಣಗಿಸಬಾರದು, ದೋಣಿ ನಿಲ್ಲಿಸಬಾರದು’ ಎಂಬ ಫಲಕವು ಎದ್ದರೆ ಅದು ಊರಿನ ತೋಟವಲ್ಲ. ಊರಿನ ಅಂಗಳವನ್ನು ಬೇರೊಬ್ಬರ ವಿಹಾರಕ್ಕೆ ಒಪ್ಪಿಸಿಕೊಟ್ಟಂತೆ. ದೋಣಿ ಏರಿಸುವ ಜಾಗ, ಒಣಗಿಸುವ ಕಟ್ಟೆ, ಬಲೆಯ ಚಪ್ಪರ ಇವೇ ಈ ಪಟ್ಟಿಯ ಮುಖ್ಯ ಅಲಂಕಾರಗಳಾಗಲಿ. ಸಂಜೆಗೆ ಕೆಲಸ ತೀರಿದ ಮೇಲೆ ಅದೇ ನೆಲವು ಮಕ್ಕಳ ಆಟದ ಬಯಲಾಗುವದು. ಮಗುವು ಆಡುತ್ತಾಡುತ್ತಲೇ ದೋಣಿಯ ಹೆಸರು, ಗಾಳಿಯ ದಿಕ್ಕು, ಮೀನಿನ ಜಾತಿ ಇವುಗಳನ್ನು ಕಲಿಯುವದು; ಇಂಥ ಪಾಠಶಾಲೆಯನ್ನು ಯಾವ ಇಲಾಖೆಯೂ ಕಟ್ಟಿಕೊಡಲಾರದು.

ಮೂರನೆಯ ಪಟ್ಟಿಯು ಮಳೆಯದು. ಗುಡ್ಡದಿಂದ ಇಳಿದ ನೀರು ಊರನ್ನು ದಾಟಿ ಕಡಲಿಗೆ ಸೇರಬೇಕು. ಭರತವಿರುವಾಗ ಚರಂಡಿಯ ಬಾಯನ್ನು ಕಡಲೇ ಮುಚ್ಚುವದು. ಅದೇ ಹೊತ್ತಿಗೆ ದೊಡ್ಡ ಮಳೆಯಾದರೆ ನೀರು ಮನೆಗಳ ಒಳಕ್ಕೆ ತಿರುಗುವದು. ಆದುದರಿಂದ ತೋಟದ ಹಿಂಬದಿಯಲ್ಲಿ ತಗ್ಗಾದ ಹುಲ್ಲುಗಾವಲನ್ನೂ ಒಂದು ಕಲ್ಲುಹಾಸಿಲ್ಲದ ಕೆರೆಯನ್ನೂ ಬಿಡಬೇಕು. ಮಳೆಗಾಲದಲ್ಲಿ ಅದು ನೀರನ್ನು ಕೆಲವು ತಾಸು ತಡೆದು ನಿಲ್ಲಿಸುವದು, ಸ್ವಲ್ಪವನ್ನು ನೆಲಕ್ಕೆ ಇಂಗಿಸಿ ಬಾವಿಗಳಿಗೆ ಕೊಡುವದು; ಬೇಸಗೆಯಲ್ಲಿ ಚೆಂಡಾಟದ ಬಯಲಾಗುವದು. ಸಿಂಗಾಪುರದ ಬಿಷಾನ್ ಎಂಬಲ್ಲಿ ಹೀಗೆಯೇ ಮಾಡಿರುವರು. ಅಲ್ಲಿ ೨.೭ ಕಿಲೋಮೀಟರು ಉದ್ದದ ಕಾಂಕ್ರೀಟಿನ ನೇರ ಕಾಲುವೆಯನ್ನು ಒಡೆದು, ೩.೨ ಕಿಲೋಮೀಟರಿನ ಸುತ್ತಿ ಹರಿಯುವ ಹೊಳೆಯನ್ನಾಗಿ ಮಾಡಿ, ೬೨ ಹೆಕ್ಟೇರಿನ ಉದ್ಯಾನದೊಳಗೆ ಬಿಟ್ಟರು. ೨೦೧೨ರಲ್ಲಿ ಆ ಕೆಲಸವು ಪೂರ್ಣವಾಯಿತು. ಮಳೆ ಬಂದಾಗ ನೀರಿಗೆ ಹರಡಲು ಸ್ಥಳ, ಮಳೆ ನಿಂತಾಗ ಜನರಿಗೆ ನಡೆಯಲು ಸ್ಥಳ. ಅಷ್ಟು ಹಣವು ನಮ್ಮ ಗ್ರಾಮಗಳಿಗೆ ಎಲ್ಲಿಂದ ಬರಬೇಕೆಂದರೆ, ಒಡೆಯುವದಕ್ಕೆ ನಮ್ಮಲ್ಲಿ ಕಾಂಕ್ರೀಟೇ ಇಲ್ಲ. ಹಾಕದೆ ಇರುವದಕ್ಕೆ ಹಣ ಬೇಕಾಗದು.

ಕಡಲಿಗೆ ಹೊಯಿಗೆಯೇ ತಕ್ಕ ಪ್ರತಿವಾದಿಯೆಂಬದನ್ನು ಗೋಡೆ ಕಟ್ಟುವದರಲ್ಲಿ ಜಗತ್ತಿಗೆ ಗುರುಗಳಾದ ಹಾಲೆಂಡದವರೇ ಒಪ್ಪಿರುವರು. ೨೦೧೧ರಲ್ಲಿ ಹೇಗ್ ಪಟ್ಟಣದ ಸಮೀಪದ ದಂಡೆಗೆ ಅವರು ಸುಮಾರು ೨ ಕೋಟಿ ೧೫ ಲಕ್ಷ ಘನಮೀಟರು ಹೊಯಿಗೆಯನ್ನು ತಂದು ಹೊಯ್ದು, ಅದನ್ನು ತೆರೆ ಗಾಳಿಗಳೇ ದಂಡೆಯುದ್ದಕ್ಕೂ ಹಂಚಲೆಂದು ಬಿಟ್ಟರು. ನಮ್ಮಲ್ಲಿ ದೇವರೇ ಪುಕ್ಕಟೆಯಾಗಿ ಕೊಟ್ಟ ದಿಬ್ಬವನ್ನು ನಾವು ಮನೆಯ ಗಾರೆಗಾಗಿ ಬುಟ್ಟಿ ಬುಟ್ಟಿಯಾಗಿ ಒಯ್ಯುತ್ತಿದ್ದೇವೆ.

ಸ್ವದೇಶದ ಉದಾಹರಣೆಗಳೂ ಉಂಟು. ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿಯ ದಂಡೆಗಳಿಗೆ ೨೦೨೦ರ ಅಕ್ಟೋಬರದಲ್ಲಿ ನಿರ್ಮಲತೆ ಮತ್ತು ಭದ್ರತೆಗಾಗಿ ಕೊಡುವ ಅಂತರರಾಷ್ಟ್ರೀಯ ನೀಲಿ ಬಾವುಟವು ದೊರೆಯಿತು. ಕಾರವಾರದ ದಂಡೆಗಂತೂ ರವೀಂದ್ರನಾಥ ಠಾಕೂರರ ಹೆಸರೇ ಇದೆ. ಅವರು ತಾರುಣ್ಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದು ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು. ಈಗ ಅಲ್ಲಿ ಯುದ್ಧನೌಕೆಯ ಸಂಗ್ರಹಾಲಯವೂ ಸಭೆಗಳ ವೇದಿಕೆಯೂ ಇವೆ. ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಅವು ಸಲ್ಲಬಹುದು. ಆದರೆ ಹಾರವಾಡವು ಕಾರವಾರದ ಚಿಕ್ಕ ಪ್ರತಿಯಾಗಬೇಕಾಗಿಲ್ಲ. ಪಟ್ಟಣದ ದಂಡೆಯು ಬರುವವರಿಗಾಗಿ, ಹಳ್ಳಿಯ ದಂಡೆಯು ಇರುವವರಿಗಾಗಿ ಎಂಬ ಭೇದವನ್ನು ಮರೆಯಬಾರದು.

ಕಾಯಿದೆಯೂ ಈ ವಿಚಾರಕ್ಕೆ ಅನುಕೂಲವಾಗಿಯೇ ಇರುವದು. ಕೇಂದ್ರ ಸರಕಾರವು ೧೯೯೧ರಲ್ಲಿ ಮೊದಲು ಹೊರಡಿಸಿ, ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಹೊಸದಾಗಿ ಬರೆದ ಕರಾವಳಿ ನಿಯಂತ್ರಣದ ಪ್ರಕಟನೆಯಲ್ಲಿ ಹೊಯಿಗೆಯ ದಿಬ್ಬಗಳನ್ನು ಎಲ್ಲಕ್ಕೂ ಹೆಚ್ಚಿನ ರಕ್ಷಣೆಯ ವರ್ಗದಲ್ಲಿ ಎಣಿಸಿದೆ. ಕಟ್ಟಡ ಕಟ್ಟಬಾರದೆಂದು ಬಿಟ್ಟ ಗ್ರಾಮಾಂತರದ ಪಟ್ಟಿಯಲ್ಲಿ ತೋಟ, ಆಟದ ಬಯಲು, ಗಿಡ ನೆಡುವಿಕೆ ಇವುಗಳಿಗೆ ಎಡೆಯಿದೆ. ನಕ್ಷೆಯು ಗ್ರಾಮಸಭೆಗೆ ಬಂದಾಗ ಮನೆಯ ಯಜಮಾನರು ಮಾತ್ರ ಹೋಗಿ ಕೈಯೆತ್ತಿ ಬರುವದು ಸಾಲದು. ಬಾವಿಯ ನೀರನ್ನು ಬಲ್ಲ ತಾಯಂದಿರು, ಮೀನು ಒಣಗಿಸುವ ಸೋದರಿಯರು, ಹಿಂದಿನ ದಂಡೆಯು ಎಲ್ಲಿಯ ವರೆಗಿತ್ತೆಂದು ಬೆರಳು ತೋರಿಸಬಲ್ಲ ವೃದ್ಧ ಮೀನುಗಾರರು ಹೋಗತಕ್ಕದ್ದು. ಹೋದವರು ಮೂರು ಪ್ರಶ್ನೆಗಳನ್ನು ಕೇಳಲಿ. ಈ ಕೆಲಸದಿಂದ ದಿಬ್ಬವು ಬೆಳೆಯುವದೋ ಕರಗುವದೋ? ಮಳೆಯ ನೀರು ಇಂಗುವದೋ ಹರಿದುಹೋಗುವದೋ? ದೋಣಿಗೆ ದಾರಿಯಿರುವದೋ ಇಲ್ಲವೋ? ಮೂರಕ್ಕೂ ಸರಿಯಾದ ಉತ್ತರವು ಬಂದ ಮೇಲೆ ಬಣ್ಣದ ಮಾತು ಆಡಬಹುದು.

ಗಿಡಗಳು ಎಲ್ಲಿಂದ ಬರಬೇಕೆಂದು ಕೇಳುವವರಿಗೆ ಅಂಕೋಲೆಯವರು ಬೇರೆಡೆಗೆ ನೋಡಬೇಕಾಗಿಲ್ಲ. ಇದೇ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿನ ತುಳಸಿ ಗೌಡರು ಅಕ್ಷರ ಕಲಿಯದಿದ್ದರೂ ಅರಣ್ಯ ಇಲಾಖೆಯ ಸಸಿಗಳ ಮಡಿಯಲ್ಲಿ ದುಡಿದು, ಯಾವ ಜಾತಿಗೆ ಯಾವ ತಾಯಿಮರದ ಬೀಜ ಒಳ್ಳೆಯದೆಂಬದನ್ನು ಬಲ್ಲವರಾಗಿ, ಪದ್ಮಶ್ರೀ ಗೌರವವನ್ನು ಪಡೆದು, ೨೦೨೪ರ ದಶಂಬರದಲ್ಲಿ ತೀರಿಕೊಂಡರು. ಅವರ ತಾಲೂಕಿನಲ್ಲಿ ಮನೆಗೆ ಐದು ಸಸಿಗಳು ಏಳುವದು ಕಠಿಣವೆ? ಉದುರಿದ ಸುರಹೊನ್ನೆಯ ಬೀಜವನ್ನು ಮಕ್ಕಳು ಆರಿಸಿ ತರಲಿ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಹಿತ್ತಲಲ್ಲಿ ಮೊಳೆಯಿಸಲಿ. ಮೊದಲ ಮಳೆ ಬಿದ್ದ ವಾರದಲ್ಲಿ ನೆಡಲಿ. ಅಡಂಬು ಬಳ್ಳಿಯ ಗೆಣ್ಣಿನ ತುಂಡೇ ಸಾಕು, ಬೇರು ಬಿಡುವದು. ಎರಡು ಮಳೆಗಾಲ ದನಗಳನ್ನು ಕಟ್ಟಿಹಾಕಿ, ಸತ್ತ ಸಸಿಯ ಸ್ಥಳಕ್ಕೆ ಇನ್ನೊಂದನ್ನು ನೆಟ್ಟರೆ ಮೂರನೆಯ ವರುಷಕ್ಕೆ ದಿಬ್ಬವು ತನ್ನನ್ನು ತಾನೇ ನೋಡಿಕೊಳ್ಳತೊಡಗುವದು. ದಂಡೆಯ ಹೊಯಿಗೆಯನ್ನು ಮನೆಗೆ ತರುವದನ್ನು ಮಾತ್ರ ಇಂದೇ ನಿಲ್ಲಿಸತಕ್ಕದ್ದು.

ಇಂಥ ತೋಟಕ್ಕೆ ಉದ್ಘಾಟನೆಯ ದಿನ ನೋಡುವಂಥ ಚೆಲುವು ಇರಲಾರದು. ಹುಲ್ಲು, ಬಳ್ಳಿ, ಮೊಣಕಾಲೆತ್ತರದ ಸಸಿ, ಒಂದು ತಗ್ಗು, ನಾಲ್ಕು ದೋಣಿ ಇಷ್ಟೇ ಕಾಣುವವು. ಅದರ ಪರೀಕ್ಷೆಯು ಆಷಾಢದ ಅಮಾವಾಸ್ಯೆಯ ಭರತದಲ್ಲಿ, ಆಮೇಲೆ ವೈಶಾಖದ ಬಾವಿಯಲ್ಲಿ. ಆ ಎರಡರಲ್ಲಿಯೂ ತೇರ್ಗಡೆಯಾದ ಊರಿನಲ್ಲಿ ಸಂಜೆಯ ಹೊತ್ತು ದಂಡೆಯ ಮೇಲೆ ಮಕ್ಕಳು ಆಡುತ್ತಿರುವರು, ಹಿತ್ತಲಿನಲ್ಲಿ ಕೊಡವು ಸಿಹಿನೀರಿನಿಂದ ತುಂಬುತ್ತಿರುವದು. ಅಷ್ಟನ್ನು ಮಾಡಿಕೊಳ್ಳುವ ಬುದ್ಧಿಯನ್ನೂ ತಾಳ್ಮೆಯನ್ನೂ ಭಗವಂತನು ನಮ್ಮ ಕರಾವಳಿಯ ಗೃಹಸ್ಥರಿಗೆ ಕೊಡಲಿ.